ನಾಗಮ್ಮನ ಕೈಗೆ ಬಳೆ ಇಟ್ಟ ಕತೆ

ಗಿರಾಕಿಯ ಮುಖ ನೋಡಿದರೆ ಸಾಕು, ಆಕೆಯ ಒಳಗನ್ನೆಲ್ಲ ಓದಬಲ್ಲ ದಿವ್ಯದೃಷ್ಟಿ ನನಗಿದೆ ಎಂದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಂಬಿದ್ದೆ. ನನ್ನ ಸೋದರಮಾವ ಕಲ್ಯಾಣದ ಹಳೆಯ ಬಳೆಗಾರ. ಹುಮನಾಬಾದ್ ಸೀಮೆಯ ಹೆಂಗಸರು ಅಷ್ಟು ದೂರ ಅವನಲ್ಲಿಗೇ ಹೋಗುತ್ತಿದ್ದುದರಿಂದ, ಅವರಿಗಾಗಿ ಹುಮನಾಬಾದಿನಲ್ಲೇ ಒಂದು ಅಂಗಡಿ ತೆರೆದು ನನ್ನನ್ನು ಕೂರಿಸಿದ.

"ಒಂದು ತಿಂಗಳು ನಡಸು, ಅಳಿಯಾ. ನನ್ನ ಗಿರಾಕಿ ಒಬ್ಬಾಕಿನೂ ಹೋಗಬಾರದು. ಆಮ್ಯಾಲ ಅಂಗಡಿ ನಿಂದೇ."

ನಿಜಾಮರ ರಾಜ್ಯ ಹೋಗಿ ವರ್ಷವಾಗಿತ್ತಷ್ಟೇ. ಎಲ್ಲರೂ ಎಲ್ಲರನ್ನೂ ಅನುಮಾನದಿಂದ ನೋಡುತ್ತಿದ್ದ ಕಾಲ. ನಾನೊಬ್ಬನೇ ಹಿಂದೆ ಬೀಳುವುದೇ?

ಮೊದಲ ಸಂತೆಗೇ ಹತ್ತಿರದ ಹುಡಗಿ ಎಂಬ ಹಳ್ಳಿಯ ನಾಗಮ್ಮ ಬಂದಳು. ಕಳೆ ಕಿತ್ತು ಕಿತ್ತು ಕಲ್ಲಾದ ಕೈ. ಇಡುವಾಗ ಒಡೆದ ಬಳೆಯ ನಷ್ಟ ಬಳೆಗಾರನದೇ ಎಂಬುದು ನಮ್ಮ ಕಸುಬಿನ ಕಟ್ಟಳೆ. ಹನ್ನೆರಡು ಬಳೆ ಇಡುವಷ್ಟರಲ್ಲಿ ಐದು ಒಡೆದವು!

ಮುಂದಿನ ಸಂತೆಗೆ ಮತ್ತೆ ಹಾಜರು. ಈ ಸಲ ಏಳು!

"ಹ್ವಾದ ಸಂತಿಗಿ ಇಟ್ಟವು ವಾರದಾಗ ಎಲ್ಲಾ ಒಡದವೇನವ್ವಾ?"

"ದುಡಿಯೋ ಕೈ ತಮ್ಮಾ. ಮೆತ್ತಗ ಇಡು."

ಹೋಗುವಾಗ ಆಕೆ ಎದುರಿನ ಬಳೆ ಅಂಗಡಿಯತ್ತ ಒಮ್ಮೆ ನೋಡಿದಳು. ನನಗೆಲ್ಲ ಹೊಳೆಯಿತು! ನನ್ನನ್ನು ಮುಳುಗಿಸಲು ಎದುರಿನವನು ಈ ಕೈಯನ್ನು ಬಾಡಿಗೆಗೆ ಹಿಡಿದಿದ್ದಾನೆ! ಅಂಗಡಿಯ ಹಿಂದಿನ ಮನೆಗೆ ಓಡಿ ಹೆಂಡತಿ ನೀಲಮ್ಮನಿಗೆ ಪಿಸುಗುಟ್ಟಿದೆ.

"ಆಕಿನ್ನ ಯಾರೋ ಕಳಿಸ್ಯಾರ!"

"ನಿಮ್ಮ ನೆಳ್ಳ ಬಂದ್ರೂ ಯಾರು ಕಳಿಸ್ಯಾರ ಅಂತೀರಿ. ಕೈಗಿ ಎಣ್ಣಿ ಹಚ್ಚಿ ಇಡ್ರಿ, ಒಡ್ಯಂಗಿಲ್ಲ."

ಶತ್ರುವಿನ ಕೈಗೆ ಎಣ್ಣೆಯ ಉಪಚಾರ ಬೇರೆ!

ಮೂರನೆಯ ಸಂತೆಗೆ ನಾಗಮ್ಮ ಕೂತು ಕೈ ಚಾಚಿದಳು. ನಾನು ಮಾವನ ಹಾಗೆ ಎರಡು ಸಲ ಕೆಮ್ಮಿ, ಮಾವನ ದಪ್ಪ ದನಿಯಲ್ಲೇ ಘೋಷಿಸಿದೆ: "ಇವತ್ತಿನಿಂದ ಒಡದ ಬಳಿಗೂ ರೊಕ್ಕ!" ಆಮೇಲೆ ಆಕೆಯದೇ ರಾಗದಲ್ಲಿ, "ದುಡಿಯೋ ಕೈ ತಮ್ಮಾ, ಮೆತ್ತಗ ಇಡು!" ಎಂದು ಅಣಕಿಸಿ ಕೇಳಿದೆ, "ಖರೇ ಹೇಳವ್ವಾ, ನಿನ್ನ ಯಾರು ಕಳಿಸ್ಯಾರ?"

ನಾಗಮ್ಮ ಕೈ ಹಿಂದೆಳೆದುಕೊಂಡಳು.

"ಕಳಿಸಿದವರು ಹೊರಗ ಕುಂತಾರ. ಬಾ, ತೋರಸ್ತೀನಿ."

ಸಿಕ್ಕಿಬಿದ್ದಳು! ವಿಜಯೋತ್ಸಾಹದಿಂದ ಹೊರಗೆ ಹಾರಿದೆ. ಬಾಗಿಲಲ್ಲಿ ಎರಡು ಬಂಡಿ ತುಂಬ ಹೆಂಗಸರು. ನಡುವೆ ಅರಿಶಿನ ಮೆತ್ತಿದ ಮದುಮಗಳು.

"ನಿಮ್ಮ ಮಾವನ ಕೈ ನಮಗ ಗೊತ್ತದ," ಎಂದಳು ನಾಗಮ್ಮ. "ಹೊಸ ಹುಡುಗ ಹ್ಯಾಂಗ ಇಡ್ತಾನ ನೋಡಿ ಬಾ, ಊರಾಗ ನಿಂದೇ ಬಿರಸು ಕೈ ಅಂತ ಇವರು ಕಳಿಸಿದ್ರು. ಒಡದ್ರೂ ಮಾರಿ ಗಂಟ ಹಾಕಿಲ್ಲ, ಕಲಿತಾನ ಬರ್ರಿ ಅಂತ ನಾನೇ ಕರಕೊಂಡು ಬಂದೆ. ಇಳೀರೇ ಎಲ್ಲಾರೂ! ಎದುರಿನ ಅಂಗಡಿಗಿ ಹೋಗೂಣು."

ನನ್ನ ಅನುಮಾನ ಅಕ್ಷರಶಃ ನಿಜವಾಗಿತ್ತು. ಆಕೆಯನ್ನು ಕಳಿಸಿದ್ದರು!

ಗ್ರಹಚಾರಕ್ಕೆ ಅದೇ ಹೊತ್ತಿಗೆ ಮಾವ ಕಲ್ಯಾಣದಿಂದ ಬಂದಿಳಿದ. ನಡೆದದ್ದನ್ನು ಕೇಳಿ ಕಟ್ಟೆಯ ಮೇಲೆ ಕುಸಿದ.

"ಹನ್ನೆರಡು ಬಳಿ ಉಳಿಸಾಕ ಹೋಗಿ ಕೈ ಕಳಕೊಂಡ್ಯಲ್ಲೋ! ಆ ಮದುಮಗಳು ಪಂಚಮಿಗಿ ಬರತಿದ್ಳು, ಬಸಿರಾದ್ರ ಕುಬಸಕ್ಕ ಬರತಿದ್ಳು. ಮಗಳು ಹುಟ್ಟಿದ್ರ ತೊಟ್ಟಲಕ್ಕ, ಆ ಮಗಳ ಮದಿವಿಗೂ ಬರತಿದ್ಳು. ಒಂದು ಕೈ ಅಂದ್ರ ಐವತ್ತು ವರ್ಷದ ಗಿರಾಕಿ, ಹುಚ್ಚಾ!"

"ಐವತ್ತು ವರ್ಷ ನಾ ಬದಕತೀನಂತ ಏನು ಖಾತ್ರಿ, ಮಾವಾ?"

"ಈಗ ನನಗೂ ಅನುಮಾನ ಅದ," ಎಂದ ಮಾವ, ಬಡಿಗೆ ಹುಡುಕುತ್ತ.

ಅಷ್ಟರಲ್ಲಿ ನೀಲಮ್ಮ ಎಣ್ಣೆ ಬಟ್ಟಲು, ಹನ್ನೆರಡು ಬಳೆ ಹಿಡಿದು ರಸ್ತೆ ದಾಟಿದ್ದಳು. ಎದುರಿನ ಅಂಗಡಿಯ ಮೆಟ್ಟಿಲಲ್ಲೇ ನಾಗಮ್ಮನನ್ನು ತಡೆದು ಕೂರಿಸಿ, ಕೈ ನೀವಿ ನೀವಿ ಹನ್ನೆರಡೂ ಇಟ್ಟಳು. ಒಂದೂ ಒಡೆಯಲಿಲ್ಲ! ಎರಡು ಬಂಡಿಯ ಹೆಂಗಸರೂ ಅವಳ ಹಿಂದೆಯೇ ನಮ್ಮ ಅಂಗಡಿಗೆ ಬಂದರು.

ಮಾವ ತಿಂಗಳು ತುಂಬುವುದನ್ನೂ ಕಾಯದೆ ಅಂಗಡಿ ಕೊಟ್ಟೇಬಿಟ್ಟ. ನೀಲಮ್ಮನಿಗೆ!

ನನಗೂ ಒಂದು ಹುದ್ದೆ ಸಿಕ್ಕಿತು. ಹೊಸ ಮಾಲು ಬಂದಾಗ ಅಂಚು ಚುಚ್ಚುತ್ತದೋ ಎಂದು ನೋಡಲು ಮೊದಲ ಬಳೆ ಇಡುವುದು ನನ್ನ ಕೈಗೇ. ನೀಲಮ್ಮನಿಗೆ ತೃಪ್ತಿಯೋ ತೃಪ್ತಿ.

"ಸಣ್ಣ ಕೂಸಿನ ಕೈ ಇದ್ದಂಗ ಅದಾವ್ರಿ," ಎನ್ನುತ್ತಾಳೆ ಗಿರಾಕಿಗಳ ಎದುರಿಗೇ. "ಒಂದು ದಿನಾನೂ ಕೆಲಸ ಕಂಡಿಲ್ಲ ನೋಡ್ರಿ!"