ಫ್ಯಾನಿನ ಕೆಳಗಿನ ಆತ್ಮಿಕ ಹೋರಾಟ

ಆತ್ಮಿಕ ಹೋರಾಟವೆಂದರೆ ಮರುಭೂಮಿ, ಬಂಡೆ, ಎದುರಿಗೆ ಸೈತಾನ, ಇಷ್ಟೆಲ್ಲ ಬೇಕು ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಮೈಸೂರಿನಲ್ಲಿ ಈ ಅನುಕೂಲಗಳಿಲ್ಲ. ಹಾಗಾಗಿ ನಮ್ಮ ಹೋರಾಟಗಳು ಭಾನುವಾರ ಬೆಳಿಗ್ಗೆ, ಚರ್ಚಿನ, ನಮ್ಮ ಬಾಯಲ್ಲಿ ದೇವಾಲಯದ, ಮೂರನೇ ಬೆಂಚಿನಲ್ಲಿ ನಡೆಯುತ್ತವೆ. ವಾರಕ್ಕೊಂದರಂತೆ ಏನಾದರೂ ಆಗುತ್ತಲೇ ಇರುತ್ತದೆ. ಒಂದೇ ಒಂದು ಜಗಳದಿಂದ ಹುಟ್ಟಿದವುಗಳನ್ನಷ್ಟೇ ಇಲ್ಲಿ ಬರೆಯುತ್ತೇನೆ. ಎಲ್ಲವನ್ನೂ ಬರೆದರೆ ಸಭೆಯ ಸದಸ್ಯರ ಪಟ್ಟಿಯಲ್ಲಿ ನನ್ನ ಹೆಸರು ಉಳಿಯುವುದು ಕಷ್ಟ.

ಕಿಟಕಿಯಿಂದ ಬಂದ ಕರ್ಚೀಫು

ನಮ್ಮ ದೇವಾಲಯದಲ್ಲಿ ಆರು ಫ್ಯಾನುಗಳಿವೆ. ಆರೂ ತಿರುಗುತ್ತವೆ, ಒಂದು ಗಾಳಿ ಕೊಡುತ್ತದೆ. ಅದರ ಕೆಳಗೆ, ಮೂರನೇ ಬೆಂಚಿನ ಕಿಟಕಿ ಪಕ್ಕದ ತುದಿಯಲ್ಲಿ, ನಾನು ಹದಿನೆಂಟು ವರ್ಷ ಕೂತು ದೇವರ ವಾಕ್ಯ ಕೇಳಿದ್ದೇನೆ.

ಎರಡು ವರ್ಷದ ಹಿಂದೆ ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ನಾನು ಅಣ್ಣ ಎಂದು ಕರೆಯುವವರು, ನಿವೃತ್ತರಾಗಿ ಅಶೋಕಪುರಂನಲ್ಲಿ ಮನೆ ಮಾಡಿಕೊಂಡು ನಮ್ಮ ಸಭೆಗೆ ಸೇರಿದರು. ಎರಡನೇ ಭಾನುವಾರ ನಾನು ಒಳಗೆ ಹೋಗುತ್ತೇನೆ, ನನ್ನ ಜಾಗದಲ್ಲಿ ನೀಲಿ ಗೆರೆಯ ಕರ್ಚೀಫು. ಅಣ್ಣ ಮಾತ್ರ ಇಲ್ಲ. ಅವರಿನ್ನೂ ಹೊರಗೆ ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದರು. ಕರ್ಚೀಫು ಕಿಟಕಿಯಿಂದ ಬಂದಿತ್ತು.

"ಅಣ್ಣಾ, ಇದು ದೇವಾಲಯ. ನಂಜನಗೂಡು ಬಸ್ಸಲ್ಲ" ಎಂದೆ.

"ಬಸ್ಸಾಗಿದ್ರೆ ಜಗಳ ಬಿಡಿಸೋಕೆ ಕಂಡಕ್ಟರಾದ್ರೂ ಇರ್ತಿದ್ದ ಕಣಯ್ಯ" ಎಂದರು ಅಣ್ಣ, ಕರ್ಚೀಫು ಮಡಿಸಿ ಅಲ್ಲೇ ಕೂರುತ್ತಾ. "ಹಿಂದೆ ಹೋಗಿ ಕೂತ್ಕೋ, ಆರಾಧನೆ ಶುರುವಾಯ್ತು."

ಅಂದಿನ ಮೊದಲ ಕೀರ್ತನೆ ಸಮಾಧಾನದ ಬಗ್ಗೆ. ನಾವಿಬ್ಬರೂ ಒಬ್ಬರಿಗಿಂತ ಒಬ್ಬರು ಜೋರಾಗಿ ಹಾಡಿದೆವು.

ಎರಡು ಮನೆ, ಒಂದು ಹೊಟ್ಟೆ

ಅಂದಿನಿಂದ ಮಾತು ನಿಂತಿತು. ಮಾತಿನ ಜೊತೆಗೆ ಹಬ್ಬದ ಊಟವೂ ಒಡೆಯಿತು. ಅದುವರೆಗೆ ಈಸ್ಟರ್ ಊಟ ಎರಡೂ ಮನೆಯವರಿಗೆ ಒಟ್ಟಿಗೆ ಆಗುತ್ತಿತ್ತು. ಈಗ "ಬೇಕಾದ್ರೆ ಅವರೇ ಬರಲಿ" ಎಂದು ನಾನು, "ಬರೋದಿದ್ರೆ ಅವನೇ ಬರಲಿ" ಎಂದು ಅವರು. ಅಕ್ಕತಂಗಿಯರು ಫೋನಿನಲ್ಲಿ ಮಸಾಲೆಯ ಅಳತೆ ಕೇಳಿಕೊಂಡು, ಒಂದೇ ಬಿರಿಯಾನಿಯನ್ನು ಎರಡು ಮನೆಗಳಲ್ಲಿ ಬೇರೆಬೇರೆಯಾಗಿ ಮಾಡಿದರು.

ಇದರ ಭಾರವೆಲ್ಲ ಬಿದ್ದದ್ದು ನಮ್ಮ ಅತ್ತೆಯವರ ಮೇಲೆ. ಎಪ್ಪತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ಯಾವ ಮಗಳಿಗೂ ಬೇಸರವಾಗಬಾರದೆಂದು ಅವರು ಹನ್ನೆರಡೂವರೆಗೆ ಅಲ್ಲಿ, ಎರಡಕ್ಕೆ ಇಲ್ಲಿ ಊಟ ಮಾಡಿದರು. ಮಂಗಳವಾರ ಡಾಕ್ಟರು ರಿಪೋರ್ಟು ನೋಡಿ ನನ್ನ ಮುಖ ನೋಡಿದರು.

"ಮುಂದಿನ ಹಬ್ಬಕ್ಕೂ ಎರಡು ಊಟ ಆದ್ರೆ, ಮೂರನೇದು ಆಸ್ಪತ್ರೆಯಲ್ಲೇ" ಎಂದರು.

"ಆಸ್ಪತ್ರೇಲಿ ಏನು ಕೊಡ್ತಾರೆ ಡಾಕ್ಟ್ರೇ?" ಎಂದು ಅತ್ತೆ ಆಸಕ್ತಿಯಿಂದ ಕೇಳಿದರು.

ಪ್ರಾರ್ಥನೆಗೆ ಸಿಕ್ಕ ಉತ್ತರ

ಡಾಕ್ಟರ ಮಾತು ನನ್ನನ್ನು ಕಾಡಿತು. ಮುಂದಿನ ವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸ ಕಾಲ ಶುರುವಾದಾಗ ನಾನು ಸಭಾಪಾಲಕರ ಬಳಿ ಹೋದೆ. ಅವರನ್ನು ನಾವೆಲ್ಲ ಅಯ್ಯನವರು ಎನ್ನುತ್ತೇವೆ. ಹಬ್ಬದೊಳಗೆ ಅಣ್ಣನನ್ನು ಕ್ಷಮಿಸಬೇಕೆಂದಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ ಎಂದೆ.

"ಅವರಿಗೋಸ್ಕರ ದಿನಾ ಪ್ರಾರ್ಥನೆ ಮಾಡಿ. ಅವರ ಮನಸ್ಸಿಗೆ ಸಂತೋಷ ಆಗೋ ಅಂಥದ್ದೇ ಕೇಳಿ" ಎಂದರು ಅಯ್ಯನವರು.

ಅಣ್ಣನಿಗೆ ಸಂತೋಷವಾಗುವುದೆಂದರೆ ಹುಬ್ಬಳ್ಳಿಯಲ್ಲಿರುವ ಮಗಳನ್ನು ನೋಡುವುದು. ನಾನು ದಿನಾ ಮೊಣಕಾಲೂರಿ, ಕರ್ತನೇ, ಆ ಮಗಳಿಗೆ ಅಪ್ಪನ ನೆನಪಾಗಲಿ, ಕರೆಸಿಕೊಳ್ಳಲಿ, ಅದೂ ಭಾನುವಾರದೊಳಗೇ ಕರೆಸಿಕೊಳ್ಳಲಿ ಎಂದು ಬೇಡಿದೆ. ಇಷ್ಟು ಶ್ರದ್ಧೆಯಿಂದ ನನ್ನ ಸ್ವಂತ ಮಕ್ಕಳ ಪರೀಕ್ಷೆಗೂ ಬೇಡಿದವನಲ್ಲ.

ಎರಡೇ ವಾರದಲ್ಲಿ ಉತ್ತರ ಬಂತು. ಸೋಮವಾರ ಮಗಳು ಫೋನು ಮಾಡಿದಳು, ಮಂಗಳವಾರ ಅಣ್ಣ ರೈಲು ಹತ್ತಿದರು. ನನ್ನ ನಂಬಿಕೆ ಎಷ್ಟು ಬಲವಾಯಿತೆಂದರೆ ಭಾನುವಾರ ಇಪ್ಪತ್ತು ನಿಮಿಷ ಮುಂಚೆಯೇ ದೇವಾಲಯಕ್ಕೆ ಹೋದೆ. ಮೂರನೇ ಬೆಂಚಿನ ತುದಿಯಲ್ಲಿ ಒಂದು ಸೂಟ್‌ಕೇಸು, ಅದರ ಮೇಲೆ ಧಾರವಾಡ ಪೇಡಾದ ಪೊಟ್ಟಣ, ಪಕ್ಕದಲ್ಲಿ ನೇರವಾಗಿ ಸ್ಟೇಷನ್ನಿನಿಂದ ಬಂದ ಅಣ್ಣ.

ದೇವರು ಪ್ರಾರ್ಥನೆಯನ್ನು ಪೂರ್ತಿ ಕೇಳಿದ್ದ. ವಾಪಸು ಟಿಕೇಟಿನ ವಿಷಯ ನಾನೇ ಎತ್ತಿರಲಿಲ್ಲ.

ಶೋಧನೆ

ಪ್ರಾರ್ಥನೆ ಸಾಲದು, ಉಪವಾಸವೂ ಬೇಕು ಎಂದು ನನ್ನ ಹೆಂಡತಿ ತೀರ್ಮಾನಿಸಿದಳು. ಉಪವಾಸ ನನ್ನದು. ಶುಕ್ರವಾರ ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಇಲ್ಲ. ಹನ್ನೊಂದರವರೆಗೆ ನಾನು ಅಣ್ಣನ ಬಗ್ಗೆ ಯೋಚಿಸಿದೆ, ಆಮೇಲೆ ಇಡ್ಲಿಯ ಬಗ್ಗೆ.

ಒಂದು ಗಂಟೆಗೆ ಅತ್ತೆ ಆಟೋದಲ್ಲಿ ಬಂದಿಳಿದರು. ಕೈಯಲ್ಲಿ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆಯುವ ಮುಂಚೆಯೇ ಮನೆ ತುಂಬ ನಾಟಿ ಕೋಳಿ ಸಾರಿನ ಘಮ. ಕಳಿಸಿದವರು ಯಾರೆಂದು ಕೇಳಿದೆ.

"ದೊಡ್ಡೋಳು ಕಣಪ್ಪ. ಕೋಳಿ ತಂದು ಕುಯ್ಸಿದ್ದು ನಿಮ್ಮಣ್ಣ."

ಯಾರನ್ನು ಕ್ಷಮಿಸಲೆಂದು ಉಪವಾಸ ಕೂತಿದ್ದೇನೋ ಅವರ ಮನೆಯಿಂದಲೇ, ಉಪವಾಸದ ದಿನವೇ! ಎರಡು ಹೆಜ್ಜೆ ಹಿಂದೆ ಸರಿದು, "ಅತ್ತೆ, ಇದು ನನ್ನನ್ನ ಬೀಳಿಸೋಕೆ ಬಂದ ಶೋಧನೆ. ಇದು ಸೈತಾನನ ಕೆಲಸ" ಎಂದೆ.

ಅತ್ತೆ ಸಾರನ್ನು ಒಂದು ಚಮಚ ಎತ್ತಿ ರುಚಿ ನೋಡಿದರು. ಕಣ್ಣು ಮುಚ್ಚಿ ಯೋಚಿಸಿದರು.

"ಸೈತಾನ ಇಷ್ಟು ನುಣ್ಣಗೆ ಮಸಾಲೆ ಅರೆಯೋಕಿಲ್ಲ ಬುಡಿ ಅಳಿಯಂದ್ರೇ."

ನಾನು ತಟ್ಟೆ ತಂದೆ. ಮನೆಯಲ್ಲಿ ಮುದ್ದೆಯಿತ್ತು.

ಇಬ್ಬರು ಸಾಕ್ಷಿಗಳು

ಉಪವಾಸ ಕಾಲದ ಐದನೇ ವಾರ ಕುಂಬಾರಕೊಪ್ಪಲಿನ ಒಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಅಲ್ಲಿ ದೇವರು ತಮ್ಮ ಬಾಳಿನಲ್ಲಿ ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ಸಾಕ್ಷಿಯಾಗಿ ಹೇಳಬಹುದು. ನಾನು ಎದ್ದೆ. ಈ ದಿನಗಳಲ್ಲಿ ಸಹೋದರರೊಬ್ಬರನ್ನು ಮನಸಾರೆ ಕ್ಷಮಿಸಿದ್ದೇನೆ, ಅವರು ಯಾರೆಂದು ಹೇಳಿ ಅವರನ್ನು ನಾಚಿಕೆಪಡಿಸುವುದಿಲ್ಲ ಎಂದೆ. ಹೇಳುವ ಅಗತ್ಯವೂ ಬೀಳಲಿಲ್ಲ. ಕೂಟವೆಲ್ಲ ತಿರುಗಿ ಅಣ್ಣನನ್ನು ನೋಡಿತು.

ಅಣ್ಣ ಎದ್ದರು. "ಕರ್ತನಿಗೆ ಸ್ತೋತ್ರ. ನಾನೂ ಒಬ್ಬ ತಮ್ಮನನ್ನ ಕ್ಷಮಿಸಿದ್ದೀನಿ. ದೇವರು ಗಾಳೀನ ಸೃಷ್ಟಿ ಮಾಡಿದ್ದು ತನಗೊಬ್ಬನಿಗೇ ಅಂತ ಅವನು ತಿಳ್ಕೊಂಡಿದ್ದಾನೆ. ಆದ್ರೂ ಕ್ಷಮಿಸಿದ್ದೀನಿ."

"ನಾನು ನಿಮಗಿಂತ ಮೊದಲೇ ಕ್ಷಮಿಸಿದ್ದೀನಿ ಅಣ್ಣಾ."

"ನಾನು ಹೋದ ತಿಂಗಳೇ ಕ್ಷಮಿಸ್ಬುಟ್ಟೆ ಕಣಯ್ಯ. ಹೇಳಿರಲಿಲ್ಲ ಅಷ್ಟೇ."

ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ಸಂತೋಷ. ಕ್ಷಮಿಸಿದವರು ಇಬ್ಬರಿದ್ದಾರೆ. ತಪ್ಪು ಮಾಡಿದವರು ಒಬ್ಬರೂ ಸಿಗ್ತಿಲ್ಲವಲ್ಲ?"

ಆಗ ಮೂಲೆಯಲ್ಲಿದ್ದ ಒಬ್ಬ ಅಜ್ಜಿ ಗೋಡೆ ಹಿಡಿದು ಎದ್ದರು. "ಇಬ್ಬರೂ ಕ್ಷಮಿಸಿದ್ದೀರಲ್ಲ, ಇನ್ನು ಆ ಜಾಗ ನನಗೆ ಕೊಡ್ರಪ್ಪಾ. ನಂಗೆ ಸೆಖೆ."

ಇಡೀ ಕೂಟ ಆಮೆನ್ ಎಂದಿತು. ಮುಂದಿನ ಭಾನುವಾರದಿಂದ ಫ್ಯಾನಿನ ಕೆಳಗೆ ಅಜ್ಜಿ. ಹೀಗೆ ನಮ್ಮ ಜಗಳದ ಕಾರಣ ಪೂರ್ತಿ ಹೋಯಿತು. ಜಗಳ ಮಾತ್ರ ಆರೋಗ್ಯವಾಗಿಯೇ ಇತ್ತು.

ನಾಲ್ಕು ಕಾಲು

ಈಸ್ಟರಿಗೆ ಮೂರು ದಿನ ಮುಂಚಿನ ಗುರುವಾರ ಸಂಜೆ ಕಾಲು ತೊಳೆಯುವ ಆರಾಧನೆ. ಪ್ರತಿ ವರ್ಷ ಅಯ್ಯನವರೇ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಅದಕ್ಕೆಂದು ಆ ಹನ್ನೆರಡೂ ಜನ ಮನೆಯಲ್ಲಿ ಸೋಪು ಹಾಕಿ ಉಜ್ಜಿಕೊಂಡೇ ಬರುತ್ತಾರೆ. ಈ ಸಲ ಅವರು ಪದ್ಧತಿ ಬದಲಾಯಿಸಿದರು. ಜೋಡಿಜೋಡಿಯಾಗಿ, ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯಬೇಕು. ಮೊದಲ ಜೋಡಿ ಯಾರೆಂದು ನೀವು ಊಹಿಸಿರುತ್ತೀರಿ.

ಹಬ್ಬಕ್ಕೆ ಮೂರೇ ದಿನ. ಎರಡೂ ಮನೆಯಲ್ಲಿ ಅಕ್ಕಿ ತಂದಾಗಿತ್ತು. ಅತ್ತೆ ಎರಡನೇ ಸಾಲಿನಲ್ಲಿ ಕೂತು ನಮ್ಮಿಬ್ಬರನ್ನೇ ನೋಡುತ್ತಿದ್ದರು.

ಕುರ್ಚಿ ಒಂದು, ಬೇಸಿನ್ ಒಂದು. "ಕೂತ್ಕೊಳ್ಳಿ ಅಣ್ಣ, ನಾನು ತೊಳೀತೀನಿ" ಎಂದೆ ವಿನಯದಿಂದ. "ನೀನು ಕೂತ್ಕೋ, ನಾನು ತೊಳೀತೀನಿ" ಎಂದರು ಅವರು, ಇನ್ನೂ ಹೆಚ್ಚು ವಿನಯದಿಂದ. ಒಬ್ಬರಿಗೊಬ್ಬರು ಸೋಲಲಿಲ್ಲ. ಕೊನೆಗೆ ಇಬ್ಬರೂ ಖಾಲಿ ಕುರ್ಚಿಯ ಮುಂದೆ ಮೊಣಕಾಲೂರಿದೆವು. ಅಯ್ಯನವರು ಅಣ್ಣನ ತೋಳು ಹಿಡಿದು ಎತ್ತಿ ಕುರ್ಚಿಯಲ್ಲಿ ಕೂರಿಸಿದರು.

ನಾನು ಅಣ್ಣನ ಬಲಗಾಲು ಹಿಡಿದು ನೀರು ಹಾಕಿ ಅಂಗಾಲಿನ ಮೇಲೆ ಬೆರಳಾಡಿಸಿದೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯನ್ನು ನಡುಗಿಸಿದ ಮನುಷ್ಯ "ಹಿಹಿಹಿ" ಎಂದರು.

ನನಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಆಡಿಸಿದೆ.

"ಅಯ್ಯೋ ಬುಡಯ್ಯಾ! ಕಚಗುಳಿ! ತಪ್ಪೆಲ್ಲ ನಂದೇ, ಒಪ್ಕೊಂಡ್ಬುಟ್ಟೆ, ಕಾಲು ಬುಡು!"

"ಬುಡಬೇಡಿ ಅಳಿಯಂದ್ರೇ!" ಎರಡನೇ ಸಾಲಿನಿಂದ ಅತ್ತೆಯ ಧ್ವನಿ. "ಹಬ್ಬದೂಟ ಯಾರ ಮನೇಲಿ ಅಂತ ಕೇಳ್ಬುಟ್ಟು ಆಮೇಲೆ ಬುಡಿ!"

"ಅವನ ಮನೇಲೇ! ಅವನ ಮನೇಲೇ!" ಎಂದು ಅಣ್ಣ ಒದ್ದ ರಭಸಕ್ಕೆ ಬೇಸಿನ್ ಮಗುಚಿ ಅಯ್ಯನವರ ನಿಲುವಂಗಿ ಮೊಣಕಾಲಿನವರೆಗೆ ತೊಯ್ದಿತು. ಗಾಯಕ ವೃಂದದವರು ಪುಸ್ತಕಗಳ ಹಿಂದೆ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದರು. ಬೇಸಿನ್‌ಗೆ ಮತ್ತೆ ನೀರು ತುಂಬಿಸಿ ಎಡಗಾಲು ತೊಳೆದಾಗ ಅಣ್ಣ ಅದನ್ನೇ ಇನ್ನೊಮ್ಮೆ, ದೇವರ ಸಾಕ್ಷಿಯಾಗಿ, ಒಪ್ಪಿಕೊಂಡರು.

ಆಮೇಲೆ ನನ್ನ ಸರದಿ. ಅಣ್ಣ ಕಣ್ಣೀರು ಒರೆಸಿಕೊಂಡು ಅಂಗಿಯ ಎರಡೂ ತೋಳು ಮಡಚಿದರು. ನಾನು ಗಂಭೀರವಾಗಿ ಕೂತೆ. ಐವತ್ತಾರು ವರ್ಷದಲ್ಲಿ ನನ್ನ ಅಂಗಾಲನ್ನು ಯಾರೂ ಮುಟ್ಟಿರಲಿಲ್ಲ. ಅದರ ಸ್ವಭಾವ ನನಗೂ ತಿಳಿದಿರಲಿಲ್ಲ.

ತಪ್ಪು ನನ್ನದು ಎಂದು ಬಲಗಾಲಿಗೇ ಒಪ್ಪಿಕೊಂಡೆ. ಎಡಗಾಲನ್ನು ಅಣ್ಣ, ಹಬ್ಬದೂಟದ ವಿಷಯ ಕೇಳುತ್ತಾ, ಇನ್ನೂ ನಿಧಾನವಾಗಿ ತೊಳೆದರು.

ಭಾನುವಾರ ಅತ್ತೆ ಒಂದೇ ಊಟ ಮಾಡಿದರು. ಅಣ್ಣನ ಮನೆಯಲ್ಲಿ.