ಕೊಂಗ್‌ಜಿಯವರ ಬಹುವಚನ

ಏನೂ ಗೊತ್ತಿಲ್ಲದಿರುವುದಕ್ಕೂ ಯೋಗ ಬೇಕು. ಬುದ್ಧಿವಂತರನ್ನು ಹುಡುಕಿಕೊಂಡು ನಾಲ್ಕು ಜನ ಬರುತ್ತಾರೆ, ದಡ್ಡರನ್ನು ಯಾರು ಕೇಳುತ್ತಾರೆ ಎಂದೇ ನಾನು ಈ ವಯಸ್ಸಿನವರೆಗೂ ನಂಬಿಕೊಂಡಿದ್ದೆ. ಆದರೆ ಟೆಕ್ಸಾಸಿನ ರೌಂಡ್ ರಾಕ್ ಊರಿನಲ್ಲಿರುವ ಮಗಳ ಮನೆಯಲ್ಲಿ ಒಂದು ಸಂಜೆ ನನ್ನ ಅಜ್ಞಾನಕ್ಕೆ ಇದ್ದಕ್ಕಿದ್ದಂತೆ ಬೇಡಿಕೆ ಬಂತು.

ಆಗಿದ್ದಿಷ್ಟು. ಆರನೆಯ ಕ್ಲಾಸಿನ ನನ್ನ ಮೊಮ್ಮಗಳು ಇಂಚರ ಶಾಲೆಯಿಂದ ಒಂದು ಪ್ರಾಜೆಕ್ಟ್ ತಂದಿದ್ದಳು. ಹಳೆಯ ಕಾಲದ ಜ್ಞಾನಿಯೊಬ್ಬರ ಬಗ್ಗೆ ಓದಿಕೊಂಡು, ಆ ವಿಷಯ ಏನೇನೂ ತಿಳಿಯದವರಿಗೆ ಮನೆಯಲ್ಲಿ ಪಾಠ ಹೇಳಬೇಕು. ಕೇಳಿದವರು ಅದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಶಾಲೆಗೆ ಕಳಿಸಬೇಕು. ಕೇಳಿದವರಿಗೆ ತಿಳಿದಿದ್ದರೆ ಹೇಳಿದವರಿಗೆ ಮಾರ್ಕು. "ಏನೇನೂ ಗೊತ್ತಿಲ್ಲದವರೇ ಬೇಕಂತೆ" ಎಂದು ಮಗಳು ಸುಮಾ ಬಾಯಿ ಮುಚ್ಚುವುದರೊಳಗೆ ಮೂರೂ ಜನ ನನ್ನ ಕಡೆ ತಿರುಗಿದರು. ಅಳಿಯಂದಿರು ಸಂಕೋಚದವರು, ತಕ್ಷಣ ಗೋಡೆ ನೋಡತೊಡಗಿದರು. ಇಂಚರ ಮಾತ್ರ ಕುಣಿದಾಡಿಬಿಟ್ಟಳು. "ಅಜ್ಜಿ, ಯೂ ಆರ್ ಪರ್ಫೆಕ್ಟ್!"

ನನ್ನನ್ನು ಹೆಣ್ಣು ನೋಡಲು ಬಂದವರೂ ಇಂಥ ಮಾತು ಹೇಳಿರಲಿಲ್ಲ. ಅಡುಗೆ ಮುಗಿಯುವಷ್ಟರಲ್ಲಿ ಹೂಸ್ಟನ್ ಕಡೆ ವುಡ್‌ಲ್ಯಾಂಡ್ಸಿನಲ್ಲಿರುವ ನಾದಿನಿಗೂ ಡಲ್ಲಾಸಿನಲ್ಲಿರುವ ಗೆಳತಿಗೂ ಫೋನು ಮಾಡಿ ಸುದ್ದಿ ಮುಟ್ಟಿಸಿದೆ. ನಾದಿನಿ ನಕ್ಕಳು. "ಅತ್ತಿಗೆ, ಏನೂ ಬರಲ್ಲ ಅಂತ ಆರಿಸಿದ್ದಕ್ಕೆ ಇಷ್ಟು ಖುಷಿನಾ?"

"ಆರಿಸಿದಾಳಲ್ಲೇ!" ಎಂದೆ.

ಖುಷಿಗೆ ಬೇರೆ ಕಾರಣವಿತ್ತು. ನಾನು ಬಂದಾಗಿನಿಂದ ಮಗು ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿತ್ತು. "ಊಟ ಆಯ್ತಾ ಪುಟ್ಟಾ?" ಎಂದರೆ "ಯಾ, ಐ ಏಟ್." ಅಲ್ಲಿಗೆ ನಮ್ಮ ಸಂಭಾಷಣೆ ಮುಗಿಯಿತು. ನಾನು ಓದಿದ್ದು ನಾಲ್ಕನೆಯ ಕ್ಲಾಸು, ಅದೂ ಕನ್ನಡದ್ದು. ಈಗ ನನಗೆ ಪಾಠ ಹೇಳಬೇಕಾದರೆ ಅವಳು ಕನ್ನಡ ಆಡಲೇಬೇಕು! ಒಂದೇ ಭಯ. ನನ್ನ ತಲೆಗೆ ಹತ್ತದೆ ಹೋದರೆ ಮಾರ್ಕು ಹೋಗುವುದು ಮಗುವಿನದು, ಮತ್ತೆ ಅವಳು ನನ್ನ ಹತ್ತಿರ ಕನ್ನಡದ ಗೊಡವೆಗೇ ಬರಲಾರಳು.

ಮೊದಲ ಪಾಠ ಅಡುಗೆಮನೆಯ ಮೇಜಿನ ಮುಂದೆ ಶುರುವಾಯಿತು. "ಅಜ್ಜಿ, ಇವತ್ತು ಕನ್‌ಫ್ಯೂಶಿಯಸ್."

"ಕನ್‌ಫ್ಯೂಸ್ ಆಗಿದ್ರೆ ಅಮ್ಮನ್ನ ಕೇಳು ಪುಟ್ಟಾ. ನಂಗೂ ಅದೇ ಆಗಿದೆ."

ಅವಳು ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿದಳು. ಅದು ಆ ಮಹಾನುಭಾವರ ಹೆಸರಂತೆ. ಅದೂ ಪರದೇಶದವರು ಇಟ್ಟಿದ್ದು, ಅವರ ಊರಿನವರು ಕರೆಯುವುದು ಕೊಂಗ್‌ಜಿ ಎಂದು. "ಜಿ ಅಂದ್ರೆ ಟೀಚರ್ ಥರ, ರೆಸ್ಪೆಕ್ಟ್" ಎಂದಳು. ನನಗೆ ಹೋದ ಜೀವ ಬಂತು. ನಮ್ಮ ಗುರೂಜಿ ಇದ್ದ ಹಾಗೆ ಕೊಂಗ್‌ಜಿ! ಚೀನಾ ಅಷ್ಟೇನೂ ದೂರವಿಲ್ಲ.

"ಅದು ಚೀನಾದಲ್ಲಿ ಹುಟ್ತು. ತುಂಬಾ ತುಂಬಾ ಹಿಂದೆ. ಅದು ಚಿಕ್ಕದಿದ್ದಾಗ ಅದರ ಅಪ್ಪ ಸತ್ತೋಯ್ತು."

"ಪುಟ್ಟಾ, ಜ್ಞಾನಿಗಳ ಕಥೆ ಹೇಳ್ತಿದೀಯೋ, ಕರುವಿನ ಕಥೆಯೋ?"

ಮಗುವಿನ ತಪ್ಪಲ್ಲ. ಮಗು ಮಲಗ್ತು, ಅದಕ್ಕೆ ಹಸಿವು, ಅದು ಎದ್ದಿಲ್ಲ ಎಂದು ಅವಳ ಬಗ್ಗೆಯೇ ದಿನವಿಡೀ ಹೇಳುವವಳು ನಾನು. ಅವಳ ಕನ್ನಡದ ಜಗತ್ತಿನಲ್ಲಿ ಎಲ್ಲರೂ ಅದುವೇ. ಅವರು ಹುಟ್ಟಿದರು, ಅವರ ತಂದೆ ತೀರಿಹೋದರು ಎನ್ನಬೇಕು ಎಂದು ತಿದ್ದಿದೆ.

"ಬಟ್ ಅವ್ರು ಒಬ್ರೇ ಅಲ್ವಾ? ಅವರು ಅಂದ್ರೆ ಮೆನಿ ಪೀಪಲ್."

"ದೊಡ್ಡವರಾದ್ರೆ ಒಬ್ಬರೇ ಹಲವರ ಲೆಕ್ಕ ಕಣೇ."

ಅವಳ ಕಣ್ಣು ಅರಳಿತು. "ಅಜ್ಜಿ! ಕೊಂಗ್‌ಜಿ ಹೇಳಿದ್ದೇ ಅದು! ಅಪ್ಪ ಅಮ್ಮ, ಟೀಚರ್, ಕಿಂಗ್, ಯಾರ ಹತ್ರ ಹೇಗಿರ್ಬೇಕು ಅಂತ." ನನಗೂ ಆಶ್ಚರ್ಯ. ಅವರು ಲೋಕಕ್ಕೆಲ್ಲ ಹೇಳಿ ಸುಸ್ತಾದದ್ದನ್ನು ನಾವು ವ್ಯಾಕರಣದಲ್ಲೇ ಸೇರಿಸಿ ಮರೆತುಬಿಟ್ಟಿದ್ದೇವೆ.

ಮುಂದಿನ ಪಾಠಗಳಲ್ಲಿ ಕೊಂಗ್‌ಜಿಯವರು ನನಗೆ ನೆಂಟರೇ ಆದರು. ಒಣಗಿಸಿದ ಮಾಂಸದ ಒಂದು ಕಟ್ಟು ತಂದುಕೊಟ್ಟರೂ ಸಾಕು, ಬಡವ ಬಲ್ಲಿದ ಎನ್ನದೆ ಪಾಠ ಹೇಳುತ್ತಿದ್ದರಂತೆ. ನಮ್ಮ ಮೇಷ್ಟರು ಅವರೆಕಾಯಿಗೆ ಒಪ್ಪುತ್ತಿದ್ದರು ಎಂದೆ. ಅವರು ಹೋದ ಎಷ್ಟೋ ಕಾಲದ ಮೇಲೆ, ಅವರ ಮಾತುಗಳಿದ್ದ ಪುಸ್ತಕಗಳ ಮೇಲೆ ಪರೀಕ್ಷೆ ಇಟ್ಟು ರಾಜರು ಅಧಿಕಾರಿಗಳನ್ನು ಆರಿಸಿದರಂತೆ. ರೈತನ ಮಗನೂ ಓದಿ ಪಾಸಾದರೆ ಪಲ್ಲಕ್ಕಿ ಏರಬಹುದು. ಆಗ ನನಗೆ ಇವಳ ಶನಿವಾರದ ಲೆಕ್ಕದ ಕ್ಲಾಸು ನೆನಪಾಯಿತು. ಅದರ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಚೀನೀ ಅಜ್ಜಿ ಕೂರುತ್ತಾರೆ, ಮಡಿಲಲ್ಲಿ ಮೊಮ್ಮಗನ ಚೀಲ. ಅವರ ಭಾಷೆ ನನಗಿಲ್ಲ, ನನ್ನದು ಅವರಿಗಿಲ್ಲ, ಇಂಗ್ಲಿಷು ಇಬ್ಬರಿಗೂ ಇಲ್ಲ. ಅವರು ಕಿತ್ತಳೆ ಕೊಡುತ್ತಾರೆ, ನಾನು ಕೋಡುಬಳೆ ಕೊಡುತ್ತೇನೆ. ನಮ್ಮಿಬ್ಬರನ್ನು ಟೆಕ್ಸಾಸಿನ ಬಿಸಿಲಲ್ಲಿ ಒಂದೇ ಬೆಂಚಿನ ಮೇಲೆ ಕೂರಿಸಿದ್ದು ಯಾರೆಂದು ಈಗ ತಿಳಿಯಿತು.

"ಹಾಗಾದ್ರೆ ನಿನ್ನ ಲೆಕ್ಕದ ಕ್ಲಾಸಿಗೆ ಇವರೇ ಕಾರಣ?"

"ಯೆಸ್! ಎಲ್ಲಾ ಅವನದೇ ತಪ್ಪು!"

"ಅವರದೇ ತಪ್ಪು ಅನ್ನು."

ಕೊನೆಯ ಪಾಠದಲ್ಲಿ ನಾನೊಂದು ಪ್ರಶ್ನೆ ಕೇಳಿದೆ, ಸುಮ್ಮನೆ. "ಎಲ್ಲರಿಗೂ ಪಾಠ ಅಂದ್ಯಲ್ಲ, ಹುಡುಗೀರಿಗೂ ಹೇಳ್ತಿದ್ರಾ?" "ಇಲ್ಲ ಅಜ್ಜಿ. ಬಾಯ್ಸ್‌ಗೆ ಮಾತ್ರ. ಪರೀಕ್ಷೇನೂ ಬಾಯ್ಸ್‌ಗೇ." ನನ್ನ ತಮ್ಮ ಹುಟ್ಟಿದ ಮೇಲೆ ತೊಟ್ಟಿಲು ತೂಗಲು ನನ್ನನ್ನು ಶಾಲೆ ಬಿಡಿಸಿದ್ದು ನೆನಪಾಯಿತು. ಕೊಂಗ್‌ಜಿಯವರ ಹೆಸರನ್ನೇ ಕೇಳಿರದ ನನ್ನಪ್ಪ ಈ ಒಂದು ವಿಷಯದಲ್ಲಿ ಅವರ ಶಿಷ್ಯನೇ ಆಗಿದ್ದ. ನನ್ನ ಮುಖ ನೋಡಿ ಇಂಚರ ನನ್ನ ಕೈ ಹಿಡಿದುಕೊಂಡಳು. "ಅದಕ್ಕೇ ಈಗ ನಾನು ಹೇಳಿಕೊಡ್ತಿದೀನಲ್ಲ?" ಒಂದೂ ಇಂಗ್ಲಿಷ್ ಪದವಿಲ್ಲದ, ಒಂದೂ ತಪ್ಪಿಲ್ಲದ ವಾಕ್ಯ! ಅಳಬೇಕೋ ನಗಬೇಕೋ ತಿಳಿಯದೆ ಒಗ್ಗರಣೆ ಹಾಕಲು ಎದ್ದೆ.

ರೆಕಾರ್ಡಿಂಗ್ ದಿನ ರೇಷ್ಮೆ ಸೀರೆ ಉಟ್ಟೆ. ಸುಮಾ ಫೋನು ಹಿಡಿದಳು, ಅಳಿಯಂದಿರು ಉಸಿರು ಹಿಡಿದರು. ಅವರೆಕಾಯಿ, ಪಲ್ಲಕ್ಕಿ, ಬೆಂಚು, ಎಲ್ಲ ಹೇಳಿದೆ. ಹುಡುಗಿಯರಿಗೆ ಪಾಠವಿರಲಿಲ್ಲ, ಅದು ಸರಿಯಲ್ಲ, ಉಳಿದದ್ದಕ್ಕೆ ಕೈಮುಗಿಯುತ್ತೇನೆ ಎಂದೂ ಹೇಳಿದೆ. ಇಂಚರ ಪಕ್ಕದಲ್ಲಿ ನಿಂತು ಇಂಗ್ಲಿಷ್ ಮಾಡಿದಳು. ಅವಳಿಗೆ ಪೂರ್ತಿ ಮಾರ್ಕು ಬಂತು. ಬದುಕಿನಲ್ಲಿ ನಾನು ಪಾಸಾದ ದೊಡ್ಡ ಪರೀಕ್ಷೆ ಇದೇ.

ಕಷ್ಟ ಶುರುವಾದದ್ದು ಆಮೇಲೆ. ಮಾರ್ಕು ಬಂದ ದಿನ ಸಂಜೆ ಮಗು ಬಂದು ಬಾಗಿಲಲ್ಲಿ ನಿಂತು, "ಅಜ್ಜಿ, ನೀವು ಊಟಕ್ಕೆ ಬರ್ತೀರಾ?" ಎಂದಿತು. ವಿಮೆ ಮಾಡಿಸಲು ಬಂದವರನ್ನು ಕರೆದಂತಿತ್ತು. ಬೆಳಿಗ್ಗೆಯೂ ನೀವು, ಮಧ್ಯಾಹ್ನವೂ ನೀವು. ಸುಮಾಗೆ ನಗು. "ನೀನೇ ಕಲಿಸಿದ್ದಲ್ಲಮ್ಮ, ಅನುಭವಿಸು."

ಇಂಚರಳನ್ನು ಕೂರಿಸಿಕೊಂಡು ಹೇಳಿದೆ. "ಪುಟ್ಟಾ, ಅಜ್ಜಿಗೆ ನೀನು ಅಂತಾರೆ. ದೇವರಿಗೂ ನೀನು ಅಂತೀವಿ, ಅಮ್ಮನಿಗೂ ನೀನು ಅಂತೀವಿ."

"ಸೋ ಪ್ರೀತಿ ಇದ್ರೆ ರೆಸ್ಪೆಕ್ಟ್ ಬೇಡ್ವಾ?"

ಅವಳೇ ಯೋಚಿಸಿ ತೀರ್ಪು ಕೊಟ್ಟಳು. "ಓಕೆ ಅಜ್ಜಿ, ನಾನು ನಿಂಗೆ ನೀನು ಅಂತೀನಿ. ಬಟ್ ನಾನು ನಿನ್ನ ಟೀಚರ್ ಅಲ್ವಾ? ನೀನು ನಂಗೆ ನೀವು ಅನ್ಬೇಕು."

ಈಗ ದಿನಾ ಸಂಜೆ ನನಗೆ ಇಂಗ್ಲಿಷ್ ಅಕ್ಷರದ ಪಾಠ. "ಬನ್ನಿ ಟೀಚರೇ, ಕೂತ್ಕೊಳ್ಳಿ" ಎಂದು ನಾನೇ ಕುರ್ಚಿ ಎಳೆದುಕೊಡುತ್ತೇನೆ. ನಿನ್ನೆ ಅವರು ನನ್ನ ಖಾಲಿ ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ಅಜ್ಜೀ, ನೀನು ಹೋಂವರ್ಕ್ ಮಾಡೇ ಇಲ್ಲ!"

"ಇಲ್ಲ ಟೀಚರ್" ಎಂದೆ, ತಲೆ ತಗ್ಗಿಸಿ. "ಡಲ್ಲಾಸಿಗೆ ಫೋನು ಮಾಡಿ ನಿಮ್ಮನ್ನ ಹೊಗಳ್ತಾ ಹೊತ್ತೇ ಹೋಯ್ತು."