ಸೆಲ್ಮರ್ ಭಾವನ ಕೊನೆಯ ತೋಟೆ

ಸೆಲ್ಮರ್ ಸಾಯುವಾಗ ಕೇಳಿದ್ದು ಇಷ್ಟೇ. ತನ್ನ ಬೂದಿಯನ್ನು ಕೋವಿಯ ತೋಟೆಯೊಂದರಲ್ಲಿ ತುಂಬಿ, ಮುಂಗೈಹಿಡಿ ಜಗ್ಗಿ ತೋಟೆ ಏರಿಸುವ ಒಳ್ಳೆಯ ಪಂಪ್ ಕೋವಿಯಿಂದ ಬಾತುಗಳ ಕೆರೆಯ ಮೇಲೆ ಹಾರಿಸಬೇಕು. ಯಾವ ಕೋವಿ ಒಳ್ಳೆಯದು ಎನ್ನುವಷ್ಟು ಉಸಿರನ್ನು ದೇವರು ಉಳಿಸಲಿಲ್ಲ. ವಿಸ್ಕಾನ್ಸಿನ್‌ನ ಆ ಹಳ್ಳಿಗೆ ಜಗಳವಾಡಲು ಅಷ್ಟು ಸಾಕಾಯಿತು.

ಹೆಂಡತಿ ಬೋರ್ಗಿಲ್ಡ್ ತಾನೇ ತೋಟೆ ತುಂಬಿ, ಬಾಯಿಗೆ ಮೇಣ ಮೆತ್ತಿ, ತಮ್ಮ ಆಲ್ವಿನ್‌ನ ಕೈಗಿಟ್ಟಳು.

"ಸಂಜೆ ಪಾದ್ರಿಗಳು ಬರ್ತಾರೆ. ಯಾವ್ ಕೋವಿ ಅಂತ ನೀನೇ ಆರ್ಸು. ನಮ್ಮ ಮದ್ವೇಲಿ ಉಂಗುರ ಕಳ್ದೋನು ನೀನು. ನಿನ್ ಭಾವಂಗೆ ಇದೊಂದಾದ್ರೂ ನೆಟ್ಟಗೆ ಮಾಡು."

ಆಲ್ವಿನ್ ಎಡಚ. ಎಡಭುಜಕ್ಕೆ ಕೋವಿಯಾನಿಸಿ, ಬಲಗೈಯಲ್ಲಿ ತೋಟೆ ತುಂಬುವವನು. ಅದಕ್ಕೇ ಸಾದಾ ತೋಟೆಗಳನ್ನು ಬಲಜೇಬಿಗೆ ಹಾಕಿ, ಭಾವನನ್ನು ಎಡಜೇಬಿನಲ್ಲಿ ಜೋಪಾನವಾಗಿಟ್ಟ.

ಕೆರೆಯ ದಂಡೆಯಲ್ಲಿ ನೆರೆಯವರಾದ ಲಾಯ್ಡ್ ಮತ್ತು ಓರಿನ್, ಹೆಣ್ಣು ತೋರಿಸಲು ಕೂತವರಂತೆ ಕೋವಿ ಒರೆಸುತ್ತ ಕಾಯುತ್ತಿದ್ದರು.

"ನಂದು ಇಥಾಕಾ ಕೋವಿ," ಎಂದ ಲಾಯ್ಡ್. "ಖಾಲಿ ತೋಟೆ ಕೆಳಗ್ ಬೀಳುತ್ತೆ. ಎಡಚರಿಗೆ ಹೇಳಿ ಮಾಡ್ಸಿದ್ದು."

ಆಲ್ವಿನ್ ಹಾರಿಸಿದ. ಖಾಲಿ ತೋಟೆ ಕೋಳಿಮೊಟ್ಟೆಯಂತೆ ಕಾಲಬಳಿ ಬಿತ್ತು. ಭುಜಕ್ಕೆ ಹಸು ಒದ್ದಂತಾಯಿತು.

"ಇದು ನಮ್ಮಪ್ಪನ ವಿಂಚೆಸ್ಟರ್," ಎಂದ ಓರಿನ್. "ಜಗ್ಗಿ ನೋಡು, ಬೆಣ್ಣೇಲಿ ಕೂದ್ಲು ಎಳ್ದಂಗೆ."

ಜಗ್ಗಿದ್ದು ಹಾಗೇ ಇತ್ತು. ಆದರೆ ಬಲಕ್ಕೆ ಹಾರಿದ ಖಾಲಿ ತೋಟೆ ಎಡಚನ ಮೂಗಿನ ಮುಂದೆಯೇ ಹಾದುಹೋಯಿತು.

"ತಪ್ಪು ಕೋವೀದಲ್ಲ, ನಿಂದು," ಎಂದ ಓರಿನ್. "ದೇವ್ರು ಬಲಭುಜ ಯಾಕ್ ಕೊಟ್ಟಿದಾನೆ ಮಾರಾಯ?"

ಆಲ್ವಿನ್ ಭುಜ ಬದಲಿಸಿದ. ಭುಜದೊಂದಿಗೆ ತೋಟೆ ತುಂಬುವ ಕೈ ಬದಲಾಯಿತು, ಕೈಯೊಂದಿಗೆ ಜೇಬೂ. ಹಾರಿಸಿದ. ಗುರಿಗೆಂದು ಎದುರಿಗಿಟ್ಟಿದ್ದ ತಗಡಿನ ಡಬ್ಬಿ ಅಲ್ಲಾಡಲಿಲ್ಲ. ಬೂದು ಮೋಡವೊಂದೆದ್ದು, ಗಾಳಿಗೆ ಹಿಂತಿರುಗಿ, ಮೂವರ ಮೀಸೆಯ ಮೇಲೂ ಲಾಯ್ಡ್‌ನ ಕಾಫಿಯ ಮೇಲೂ ಇಳಿಯಿತು.

"ಏನಯ್ಯಾ ಇದು?" ಎನ್ನುತ್ತ ಲಾಯ್ಡ್ ಒಂದು ಗುಟುಕು ಕುಡಿದ.

ಆಲ್ವಿನ್ ಎಡಜೇಬು ತಡಕಿದ. "ಭಾವ," ಎಂದ.

ಲಾಯ್ಡ್ ಲೋಟ ಕೆಳಗಿಟ್ಟ. ಓರಿನ್ ಟೋಪಿ ತೆಗೆದ.

"ದೇವ್ರಿಗಂತೂ ಗೊತ್ತಾಯ್ತು," ಎಂದ ಓರಿನ್ ಕೊನೆಗೆ. "ಬೋರ್ಗಿಲ್ಡ್‌ಗೆ ಗೊತ್ತಾಗ್ಬಾರ್ದು."

ಆಲ್ವಿನ್ ಹಿತ್ತಿಲ ಬಾಗಿಲಿಂದ ಅಕ್ಕನ ಅಡುಗೆಮನೆಗೆ ನುಸುಳಿದ. ಹಿಮ ಕಟ್ಟಿದ ಮೆಟ್ಟಿಲಿಗೆ ಎರಚಲು ಅಲ್ಲಿ ಎಲ್ಲರ ಮನೆಯಲ್ಲೂ ಇಡುವಂತೆ, ಒಲೆಯ ಪಕ್ಕ ಡಬ್ಬಿಯಲ್ಲಿ ಬೂದಿಯಿತ್ತು. ಸಾದಾ ತೋಟೆಯೊಂದರ ಗುಂಡುಗಳನ್ನು ಸುರಿದು, ಬೂದಿ ತುಂಬಿ, ಮೇಣ ಮೆತ್ತಿದ. ಪಾದ್ರಿಗಳು ಜಾರಬಾರದೆಂದು ಉಳಿದದ್ದನ್ನು ಮುಂಬಾಗಿಲ ಮೆಟ್ಟಿಲಿಗೆಲ್ಲ ಎರಚಿದ. ಆ ದಿನ ನೆಟ್ಟಗಾದ ಕೆಲಸ ಅದೊಂದೇ ಎಂದು ಮನಸ್ಸಿಗೆ ತಂಪೆನಿಸಿತು.

ಸಂಜೆ ಸೆಲ್ಮರ್‌ನದೇ ರೆಮಿಂಗ್ಟನ್ನಿನಿಂದ ತೋಟೆ ಹಾರಿತು. ನೆರೆಯವರಿಬ್ಬರಿಗೂ ಸಮನಾಗಿ ಬೇಸರವಾಯಿತು. ಪಾದ್ರಿಗಳು ಪ್ರಾರ್ಥಿಸಿದರು, ಬೂದಿ ನೀರಿನ ಮೇಲೆ ಮೆಲ್ಲಗೆ ಇಳಿಯಿತು. ಬೋರ್ಗಿಲ್ಡ್ ಮಾತ್ರ ಅಳಲಿಲ್ಲ.

ಮನೆಗೆ ಬಂದವಳು ತಮ್ಮನನ್ನು ಅಡುಗೆಮನೆಗೆ ಕರೆದಳು.

"ಯಾರ್ಗೂ ಹೇಳ್ಬೇಡ ಕಣೋ. ಅವರನ್ನ ಕಳ್ಸೋಕೆ ಮನಸ್ಸು ಬರ್ಲಿಲ್ಲ. ತೋಟೆಗೆ ಒಲೆ ಬೂದಿ ತುಂಬಿದ್ದೆ. ಅವರ ಬೂದಿ ತುಂಬಿ ಕೊಟ್ಟಿದ್ದ ಪಿಂಗಾಣಿ ಜಾಡಿ ತಣ್ಣಗೆ ಕೊರೀತಿತ್ತು, ಅದಕ್ಕೆ ಅವರನ್ನ ಈ ಡಬ್ಬೀಲಿಟ್ಟೆ. ಒಲೆ ಪಕ್ಕ ಬೆಚ್ಚಗಿರ್ಲಿ ಅಂತ."

ಹೊಸ್ತಿಲಲ್ಲಿ ಪಾದ್ರಿಗಳು ಬೂಟು ತಿಕ್ಕುತ್ತಿದ್ದರು. "ಮೆಟ್ಟಿಲಿಗೆ ಬೂದಿ ಹಾಕಿದ ಪುಣ್ಯಾತ್ಮ ಯಾರಮ್ಮ? ಇಡೀ ಊರೇ ತುಳ್ಕೊಂಡು ಓಡಾಡ್ತು, ಒಬ್ರ ಕಾಲೂ ಜಾರ್ಲಿಲ್ಲ."

ಬೋರ್ಗಿಲ್ಡ್ ಡಬ್ಬಿ ಎತ್ತಿದಳು. ಅದು ಹಗುರವಾಗಿತ್ತು.